ದುಡಿಯುವ ಕೈಗೆ ಕಾನೂನಿನ ಆಸರೆ

ಮೈಸೂರು ಜಿಲ್ಲೆಯ ಪಶ್ಚಿಮ ಭಾಗದಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಿವೆ. ಕಾವೇರಿಯ ನಾಲೆಗಳು ಹರಿಯುವ ಕೃಷ್ಣರಾಜನಗರವು ಭತ್ತದ ಸೀಮೆ. ಅಲ್ಲಿ ಅಕ್ಕಿ ಗಿರಣಿಗಳುಂಟು. ಹುಣಸೂರು, ಪಿರಿಯಾಪಟ್ಟಣಗಳು ಹೊಗೆಸೊಪ್ಪಿಗೆ ಹೆಸರಾದವು. ಹುಣಸೂರಿನಲ್ಲಿ ಮರ ಕೊಯ್ಯುವ ಮಿಲ್ಲುಗಳೂ ಇವೆ. ಹೆಗ್ಗಡದೇವನಕೋಟೆಯ ಕಾಕನಕೋಟೆ ಅರಣ್ಯವು 1971ರವರೆಗೆ ನಡೆದ ಖೆಡ್ಡಾಗಳಿಂದ ಪ್ರಸಿದ್ಧವಾಯಿತು. ಗಿರಣಿಯ ಬೆಲ್ಟು, ತಿರುಗುವ ಗರಗಸ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಎತ್ತರದ ತೊಲೆ, ಮುನಿದ ಆನೆ—ಇವುಗಳ ನಡುವೆಯೇ ಇಲ್ಲಿನ ಅನೇಕರು ಅನ್ನ ಸಂಪಾದಿಸುತ್ತಾರೆ. ಕ್ಷಣಮಾತ್ರದ ಅವಘಡದಿಂದ ದುಡಿಯುವವನ ಕೈ ಹೋದರೆ ಅವನ ಸಂಸಾರದ ಗತಿಯೇನು?

ಹಿಂದೆ ಇದಕ್ಕೆ ಉತ್ತರವಾಗಿದ್ದುದು ಮಾಲೀಕನ ದಯೆಯೊಂದೇ. ನ್ಯಾಯಾಲಯಕ್ಕೆ ಹೋದರೆ ತಪ್ಪು ಮಾಲೀಕನದೇ ಎಂದು ಬಡ ಕಾರ್ಮಿಕನು ರುಜುವಾತುಪಡಿಸಬೇಕಾಗಿತ್ತು. ಜರ್ಮನಿಯು 1884ರಲ್ಲಿ, ಬ್ರಿಟನ್ 1897ರಲ್ಲಿ ಈ ಅನ್ಯಾಯವನ್ನು ತಿದ್ದುವ ಕಾನೂನುಗಳನ್ನು ಮಾಡಿದವು. ಭಾರತದಲ್ಲಿ ಕಾರ್ಮಿಕರ ನಷ್ಟಪರಿಹಾರ ಅಧಿನಿಯಮವು 1923ರಲ್ಲಿ ರೂಪುಗೊಂಡು, 1924ರ ಜುಲೈ 1ರಂದು ಜಾರಿಗೆ ಬಂದಿತು. ಅದರ ಮೂಲ ತತ್ತ್ವಗಳನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯು ತನ್ನೊಳಗೆ ಸೇರಿಸಿಕೊಂಡಿದೆ. ಈ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದಿತು.

ಈ ಕಾನೂನಿನ ತಿರುಳು ಸರಳವಾದುದು. ಕೆಲಸದ ಕಾರಣದಿಂದ, ಕೆಲಸದ ಅವಧಿಯಲ್ಲಿ ಪೆಟ್ಟಾದರೆ ಮಾಲೀಕನು ಪರಿಹಾರ ಕೊಡಬೇಕು. ಅವನ ತಪ್ಪನ್ನು ಸಾಧಿಸಬೇಕಾಗಿಲ್ಲ. ಕಾರ್ಮಿಕನು ಕುಡಿದಿದ್ದರಿಂದ ಅಥವಾ ಸುರಕ್ಷತೆಯ ನಿಯಮವನ್ನು ಬೇಕೆಂದೇ ಮೀರಿದ್ದರಿಂದ ಅಪಘಾತವಾದರೆ ಈ ಹಕ್ಕು ಇಲ್ಲವಾಗುತ್ತದೆ. ಆದರೆ ಸಾವು ಅಥವಾ ಶಾಶ್ವತವಾದ ಪೂರ್ಣ ಅಂಗವಿಕಲತೆ ಸಂಭವಿಸಿದಾಗ ಈ ವಿನಾಯಿತಿಯೂ ಮಾಲೀಕನಿಗೆ ದೊರೆಯದು. ಹಕ್ಕನ್ನು ಬಿಟ್ಟುಕೊಟ್ಟೆನೆಂದು ಕಾರ್ಮಿಕನಿಂದ ಬರೆಯಿಸಿಕೊಂಡ ಕರಾರಿಗೆ ಬೆಲೆಯಿಲ್ಲ.

ಯಾವ ಯಾವ ಕೆಲಸಗಾರರಿಗೆ ಈ ರಕ್ಷಣೆಯುಂಟೆಂಬುದನ್ನು ಕಾನೂನು ಪಟ್ಟಿಮಾಡಿದೆ. ಮರ ಕಡಿಯುವವರು, ಕಾಡುಗಿಚ್ಚನ್ನು ನಂದಿಸುವವರು, ಬೆಳೆಗೆ ಕೀಟನಾಶಕ ಸಿಂಪಡಿಸುವವರು, ಟ್ರಾಕ್ಟರಿನಿಂದ ಬೇಸಾಯ ಮಾಡುವವರು ಅದರಲ್ಲಿದ್ದಾರೆ. ಆನೆಯನ್ನು ಪಳಗಿಸಿ ಸಾಕುವ ಮಾವುತರಿಗೂ ಅಲ್ಲಿ ಸ್ಥಾನವಿದೆ. ಆದರೆ ಸಣ್ಣ ರೈತನ ಬ್ಯಾರನ್ನಿನಲ್ಲಿ ಕೆಲವೇ ದಿನ ದುಡಿಯುವ ಕೂಲಿಯಾಳು ಈ ಪಟ್ಟಿಯ ಯಾವ ಸಾಲಿಗೆ ಸೇರುತ್ತಾನೆಂಬುದು ಸುಲಭವಾಗಿ ತೀರ್ಮಾನವಾಗುವ ಮಾತಲ್ಲ. ಹಾಜರಿ ಪುಸ್ತಕವಾಗಲಿ, ಕೂಲಿಯ ಚೀಟಿಯಾಗಲಿ ಇಲ್ಲದಿದ್ದರೆ ತಾನು ಅಲ್ಲಿ ದುಡಿದೆನೆಂಬುದನ್ನು ತೋರಿಸುವುದೇ ಅವನಿಗೆ ಕಷ್ಟ.

ಪರಿಹಾರದ ಮೊತ್ತವು ಯಾರೊಬ್ಬರ ಇಷ್ಟವನ್ನೂ ಅವಲಂಬಿಸಿಲ್ಲ, ಅದಕ್ಕೆ ಲೆಕ್ಕವಿದೆ. ತಿಂಗಳಿಗೆ 12,000 ರೂಪಾಯಿ ಗಳಿಸುವ, 30 ವರ್ಷದ ಮಿಲ್ಲಿನ ಕೆಲಸಗಾರನೊಬ್ಬನ ಹೆಬ್ಬೆರಳು ಗರಗಸಕ್ಕೆ ಸಿಕ್ಕಿ ತುಂಡಾಯಿತೆಂದು ಭಾವಿಸೋಣ. ವೇತನದ ಶೇಕಡಾ 60 ಎಂದರೆ 7,200 ರೂಪಾಯಿ. ಆ ವಯಸ್ಸಿಗೆ ಗೊತ್ತುಮಾಡಿರುವ 207.98 ಎಂಬ ಸಂಖ್ಯೆಯಿಂದ ಅದನ್ನು ಗುಣಿಸಿದರೆ 14,97,456 ರೂಪಾಯಿ ಆಗುತ್ತದೆ. ಹೆಬ್ಬೆರಳಿನ ನಷ್ಟವನ್ನು ಶೇಕಡಾ 30ರಷ್ಟು ಗಳಿಕೆಯ ನಷ್ಟವೆಂದು ಎಣಿಸುವುದರಿಂದ, ಅವನಿಗೆ ಸಲ್ಲಬೇಕಾದ ಪರಿಹಾರ ಸುಮಾರು 4,49,237 ರೂಪಾಯಿ. ವಯಸ್ಸು ಕಿರಿದಾದಷ್ಟೂ ಗುಣಿಸುವ ಸಂಖ್ಯೆ ಹಿರಿದು. ಏಕೆಂದರೆ ಮುಂದೆ ದುಡಿಯಬೇಕಾದ ವರ್ಷಗಳು ಹೆಚ್ಚು. ಇ.ಎಸ್.ಐ. ವಿಮೆಗೆ ಒಳಪಟ್ಟವರಿಗೆ ಮಾತ್ರ ಆ ವಿಮೆಯಿಂದಲೇ ನೆರವು ದೊರೆಯುತ್ತದೆ.

ಕಾರ್ಮಿಕನು ಮೃತನಾದರೆ ಮಾಲೀಕನು ಹಣವನ್ನು ಅಧಿಕಾರಿಯಲ್ಲಿ ಠೇವಣಿಯಿಡಬೇಕು. ದುಃಖದಲ್ಲಿರುವ ಹೆಂಡತಿ ಮಕ್ಕಳ ಕೈಗೆ ಅಲ್ಪ ಹಣವಿತ್ತು ಸಹಿ ಪಡೆಯದಿರಲೆಂದೇ ಈ ಏರ್ಪಾಡು. ಪರಿಹಾರ ಕೇಳುವವರೂ ಜಾಗರೂಕರಾಗಿರಬೇಕು. ಅಪಘಾತವನ್ನು ಬೇಗನೆ ಮಾಲೀಕನಿಗೆ ತಿಳಿಸಿ, ವೈದ್ಯರ ಪತ್ರವನ್ನು ಜೋಪಾನವಾಗಿಟ್ಟು, ಎರಡು ವರ್ಷಗಳೊಳಗೆ ಅರ್ಜಿ ಸಲ್ಲಿಸಬೇಕು.

ಹೋದ ಕೈಯನ್ನು ಯಾವ ಕಾನೂನೂ ಮರಳಿ ಕೊಡಲಾರದು. ಆದರೆ ಆ ಕೈಯನ್ನು ನಂಬಿದ್ದ ಸಂಸಾರವು ಬೀದಿಗೆ ಬೀಳದಂತೆ ಅದು ತಡೆಯಬಲ್ಲುದು. ಪರಿಹಾರವು ಭಿಕ್ಷೆಯಲ್ಲ, ದುಡಿಮೆಯಷ್ಟೇ ನ್ಯಾಯವಾದ ಹಕ್ಕು. ಈ ಹಕ್ಕನ್ನು ಅರಿಯದವನಿಗೆ ಅದು ಇದ್ದೂ ಇಲ್ಲದಂತೆ. ಓದು ಬಲ್ಲವರು ಓದು ಬಾರದ ನೆರೆಯವರಿಗೆ ಇದನ್ನು ತಿಳಿಯಹೇಳುವುದು ವಿದ್ಯೆಯ ಸಾರ್ಥಕತೆಗಳಲ್ಲೊಂದು.

ಅಭ್ಯಾಸ

1. 1923ಕ್ಕೆ ಮೊದಲು ಗಾಯಗೊಂಡ ಕಾರ್ಮಿಕನಿಗಿದ್ದ ಕಷ್ಟವೇನು?
2. ಕಿರಿಯ ವಯಸ್ಸಿನವರಿಗೆ ಗುಣಿಸುವ ಸಂಖ್ಯೆ ಹೆಚ್ಚಾಗಿರಲು ಕಾರಣವೇನು?
3. ‘ಪರಿಹಾರವು ಭಿಕ್ಷೆಯಲ್ಲ’—ಈ ಮಾತನ್ನು ಸಮರ್ಥಿಸಿರಿ.