ಕಿತ್ತಷ್ಟೂ ತುಂಬುವ ಜಲಪರ್ಣಿ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನಮ್ಮೂರ ಕೆರಿ ತುಂಬ ಜಲಪರ್ಣಿ ಹಬ್ಬೇತಿ. ಹ್ವಾದ ಬ್ಯಾಸಗ್ಯಾಗ ಯುವಕ ಮಂಡಳದ ಹುಡುಗರೆಲ್ಲ ಕೂಡಿ ಶ್ರಮದಾನ ಮಾಡಿ, ಕಿತ್ತು ದಂಡಿಗೆ ಒಟ್ಟಿದ್ವಿ. ಮಳಿಗಾಲ ಮುಗಿಯೂದ್ರೊಳಗ ಮತ್ತ ಮೊದಲಿನಂಗ ಆತು. ಈ ಸಲ ಕರದ್ರ ಹುಡುಗರು ಬರವಲ್ರು. ನಮ್ಮದು ಎಲ್ಲಿ ತಪ್ಪೇತಿ?
— ಚಿಕ್ಕೋಡಿ ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ಹುಡುಗರ ದುಡಿಮೆಯಲ್ಲಿ ಕೊರತೆಯಿಲ್ಲ. ಅದು ಎಂಥ ಗಿಡ ಎನ್ನುವುದನ್ನು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ಜಲಪರ್ಣಿಯ ತವರು ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆ. ನೇರಳೆ ಹೂವಿನ ಚೆಂದಕ್ಕೆ ಮರುಳಾಗಿ 19ನೇ ಶತಮಾನದ ಕೊನೆಗೆ ಅದನ್ನು ಬಂಗಾಳಕ್ಕೆ ತಂದರು. 1936ರ ಹೊತ್ತಿಗೆ ಅದನ್ನು ಕೀಳಿಸಲು ಅಲ್ಲಿನ ಸರ್ಕಾರ ಕಾಯ್ದೆಯನ್ನೇ ಮಾಡಬೇಕಾಯಿತು. ತಾಯಿಗಿಡದಿಂದ ಬಳ್ಳಿ ಹರಿದು ಮರಿಗಿಡ ಹುಟ್ಟುತ್ತದೆ. ಬಿಸಿಲು, ಗೊಬ್ಬರದ ಅಂಶ ಎರಡೂ ಸಿಕ್ಕರೆ ಎರಡು ವಾರದೊಳಗೆ ಇದ್ದದ್ದು ಇಮ್ಮಡಿಯಾಗುತ್ತದೆ. ಲೆಕ್ಕ ಹಾಕಿ ನೋಡಿ: ಮೂಲೆಯಲ್ಲಿ 10 ಗಿಡ ಉಳಿದರೆ 20 ವಾರದಲ್ಲಿ ಹತ್ತು ಸಾವಿರ ದಾಟುತ್ತವೆ. ಇನ್ನು ಕೆಸರಿನಲ್ಲಿ ಬಿದ್ದ ಬೀಜಕ್ಕೆ 15–20 ವರ್ಷ ಜೀವವಿರುತ್ತದೆ.

ಕಿತ್ತದ್ದನ್ನು ದಂಡೆಗೆ ಒಟ್ಟಿದ್ದೆವು ಎಂದು ಬರೆದಿದ್ದೀರಿ. ಮೊದಲ ದೊಡ್ಡ ಮಳೆಗೆ ಅರ್ಧದಷ್ಟು ಕೆರೆಗೇ ವಾಪಸ್ ಹೋಗಿರುತ್ತದೆ. ಈ ಸಲ ಮಾರ್ಚ್–ಏಪ್ರಿಲ್‌ನಲ್ಲಿ, ನೀರು ಇಳಿದು ಕೆರೆ ಕುಗ್ಗಿದಾಗ, ಹೂ ಬಿಡುವ ಮೊದಲೇ ಕೈ ಹಾಕಿ. ಉದ್ದ ಹಗ್ಗಕ್ಕೆ ಖಾಲಿ ಪ್ಲಾಸ್ಟಿಕ್ ಕ್ಯಾನ್ ಕಟ್ಟಿ ತೇಲಿಬಿಟ್ಟು, ಜಲಪರ್ಣಿಯ ಹಾಸನ್ನು ತುಂಡು ತುಂಡಾಗಿ ಸುತ್ತುಗಟ್ಟಿ ದಂಡೆಗೆ ಎಳೆಯಿರಿ. ಗಿಡದ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಬರೀ ನೀರು. ಒಂದೆರಡು ದಿನ ಏರಿಯ ಹೊರಮಗ್ಗುಲಲ್ಲಿ ಸೋರಲು ಬಿಟ್ಟರೆ ಟ್ರ್ಯಾಕ್ಟರ್ ಖೇಪು ಎಷ್ಟೋ ಕಡಿಮೆಯಾಗುತ್ತವೆ.

ಆಮೇಲಿನದೇ ಮುಖ್ಯ ಕೆಲಸ. ವಾರಕ್ಕೊಮ್ಮೆ ಐದೇ ಜನ ಕೆರೆ ಸುತ್ತಿ, ಕಂಡ ಮರಿಗಿಡ ಎತ್ತಲಿ. ಒಂದು ದಿನ ನೂರು ಜನ ಇಳಿಯುವುದಕ್ಕಿಂತ ವರ್ಷವಿಡೀ ಐದು ಜನ ಬರುವುದನ್ನೇ ನಾನು ನಂಬುತ್ತೇನೆ. ಬೆಂಗಳೂರಿನ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ ಸುಮಾರು 13 ಎಕರೆಯದು. ಅಲ್ಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡು, ಮರುವರ್ಷ ಮಹಾನಗರ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಕೆರೆ ನೋಡಿಕೊಳ್ಳತೊಡಗಿದರು. ಕಳೆ ತೆಗೆಯುವುದು ಅವರಿಗೆ ಮುಗಿಯುವ ಕೆಲಸವಲ್ಲ, ನಿತ್ಯದ ಕೆಲಸ.

ನಿಮ್ಮ ಕೆರೆಗೆ ಗಟಾರ ನೀರು ಎಲ್ಲಿಂದ ಬೀಳುತ್ತದೆ ಎಂದು ನೋಡಿದ್ದೀರಾ? ಸಾರಜನಕ, ರಂಜಕ ತುಂಬಿದ ಆ ನೀರೇ ಜಲಪರ್ಣಿಯ ಊಟ. ಕಬ್ಬಿನ ಗದ್ದೆಯಿಂದ ಹರಿದು ಬರುವ ಯೂರಿಯಾ, ಡಿಎಪಿಯೂ ಅದಕ್ಕೆ ಸೇರುತ್ತದೆ. ಗಟಾರದ ಬಾಯಿ ತಿರುಗಿಸುವಂತೆ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಅದಾಗದಿದ್ದರೆ ನಿಮ್ಮ ಹುಡುಗರ ಬೆವರೆಲ್ಲ ವರ್ಷವರ್ಷವೂ ನೀರುಪಾಲು.

ಪ್ರಶ್ನೆ: ಕಬ್ಬಿಗೆ ಹೊಡೆಯುವ ಕಳೆನಾಶಕವನ್ನೇ ಕೆರೆಗೂ ಹೊಡೆದರೆ ಒಂದೇ ದಿನದ ಕೆಲಸವಲ್ಲವೇ?
— ಅಥಣಿಯ ರೈತರು

ಉತ್ತರ: ದಯವಿಟ್ಟು ಬೇಡ. ಸತ್ತ ಗಿಡ ನೀರಿನಲ್ಲೇ ಕೊಳೆತು ಆಮ್ಲಜನಕ ಹೀರುತ್ತದೆ, ಮೀನು ತೇಲುತ್ತವೆ, ದನ ಕುಡಿಯುವ ನೀರಿಗೆ ವಿಷ ಸೇರುತ್ತದೆ. ಕೊಳೆತದ್ದೆಲ್ಲ ಮತ್ತೆ ಗೊಬ್ಬರವಾಗಿ ಮುಂದಿನ ಬೆಳೆಗೆ ಸಿದ್ಧ.

ಪ್ರಶ್ನೆ: ಜಲಪರ್ಣಿ ತಿನ್ನುವ ಹುಳು ಇದೆಯಂತೆ. ಅದು ಬೆಳೆಗೆ ತಗಲುವುದಿಲ್ಲವೇ?
— ರಾಯಬಾಗದಿಂದ ಒಬ್ಬ ಶಿಕ್ಷಕಿ

ಉತ್ತರ: ಇದೆ, ಬೆಳೆಗೆ ತಗಲುವುದಿಲ್ಲ. ನಿಯೋಕೆಟಿನಾ ಎಂಬ ಮೂತಿಹುಳುವನ್ನು 1980ರ ದಶಕದ ಆರಂಭದಲ್ಲಿ ವಿದೇಶದಿಂದ ತರಿಸಿ, ಪರೀಕ್ಷೆಗೆ ಒಳಪಡಿಸಿ, ಬೆಂಗಳೂರು ಸುತ್ತಿನ ಕೆರೆಗಳಲ್ಲಿ ಬಿಟ್ಟರು. ದೊಡ್ಡ ಹುಳು ಎಲೆ ಕೆರೆದು ತಿನ್ನುತ್ತದೆ, ಮರಿ ದೇಟಿನೊಳಗೆ ಕೊರೆಯುತ್ತದೆ. ಸಾಲ್ವಿನಿಯಾ ಎಂಬ ಇನ್ನೊಂದು ತೇಲುಕಳೆಯ ಕಥೆ ಇನ್ನೂ ಸೊಗಸು. 1983–84ರಲ್ಲಿ ಬೆಂಗಳೂರಿನ ನೈದಿಲೆ ಕೊಳವೊಂದಕ್ಕೆ ಅದರ ಹುಳು ಬಿಟ್ಟಾಗ 11 ತಿಂಗಳಲ್ಲಿ ಕಳೆ ಅಡಗಿ, ಕೆಳಗೆ ಸಿಕ್ಕಿಬಿದ್ದಿದ್ದ ನೈದಿಲೆಗಳು ಮೇಲೆದ್ದವು.

ಜಲಪರ್ಣಿಯ ವಿಷಯದಲ್ಲಿ ಅಷ್ಟು ಅವಸರ ಬೇಡ, ಎರಡು–ಮೂರು ವರ್ಷ ಕಾಯಬೇಕು. ಕೀಳುವಾಗ ಹುಳುವಿಗೆಂದು ಒಂದು ಮೂಲೆಯನ್ನು ಹಗ್ಗ ಕಟ್ಟಿ ಉಳಿಸಬೇಕು. ಬೆಂಗಳೂರು ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋಗೆ ಪಂಚಾಯಿತಿಯ ಮೂಲಕ ಬರೆದು ಕೇಳಿ. ನಿಂತ ನೀರಿಗೆ ಇದು ಒಳ್ಳೆಯದು. ನದಿಗಲ್ಲ, ಮಹಾಪೂರಕ್ಕೆ ಗಿಡದ ಜತೆ ಹುಳುವೂ ಹೋಗುತ್ತದೆ.

ಪ್ರಶ್ನೆ: ನಾವು ತೆಗೆದು ಏನು ಫಲ? ಮೇಲಿನಿಂದ ಕೃಷ್ಣೆಯಲ್ಲಿ ಜಲಪರ್ಣಿ ತೇಲಿ ಬರುತ್ತಲೇ ಇರುತ್ತದೆ. ನಾವು ಗೆಳೆಯರು ನದಿಗೇ ಇಳಿಯೋಣವೆಂದಿದ್ದೇವೆ.
— ಕಾಗವಾಡ ತಾಲ್ಲೂಕಿನ ಯುವಕರು

ಉತ್ತರ: ನದಿಗೆ ಇಳಿಯಬೇಡಿ. ಕೃಷ್ಣೆಯಲ್ಲಿ ಮೊಸಳೆಗಳಿರುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಜಲಪರ್ಣಿಯ ಹಾಸಿನ ಕೆಳಗೆ ಏನಿದೆಯೋ ಕಾಣುವುದಿಲ್ಲ, ಕಾಲಿಗೆ ಬೇರು ಸುತ್ತಿದರೆ ಈಜು ಬಲ್ಲವರೂ ಮುಳುಗುತ್ತಾರೆ.

ನಿಮ್ಮ ಬೇಸರ ಸುಳ್ಳಲ್ಲ. ಕೊಲ್ಹಾಪುರ, ಇಚಲಕರಂಜಿಯ ಕಡೆಯಿಂದ ಬರುವ ಪಂಚಗಂಗೆ ನರಸೋಬಾವಾಡಿಯಲ್ಲಿ ಕೃಷ್ಣೆಗೆ ಕೂಡುತ್ತದೆ; ಅದರಲ್ಲಿ ಬೆಳೆದ ಜಲಪರ್ಣಿ ರಾಜಾಪುರ ಬಾಂದಾರ ದಾಟಿ ನಮ್ಮ ಕಡೆ ಬರುತ್ತದೆ. ಕಲ್ಲೋಳ–ಯಡೂರಿನಂಥ ತಗ್ಗು ಬಾಂದಾರಗಳ ಕಂಬಕ್ಕೆ ಸಿಕ್ಕಿಕೊಂಡು ಕಟ್ಟೆಯಂತೆ ನಿಲ್ಲುತ್ತದೆ. ಅಲ್ಲಿ ಯಂತ್ರ ಹಚ್ಚಿ ತೆಗೆಯುವುದು ನೀರಾವರಿ ಇಲಾಖೆಯ ಕೆಲಸ. ಮಳೆಗಾಲಕ್ಕೆ ಮುಂಚೆ ತೆಗೆಯಿರಿ ಎಂದು ತಾರೀಖು ಹಾಕಿ ಅರ್ಜಿ ಕೊಡಿ, ಫೋಟೋ ಜೋಡಿಸಿ, ದಡದ ಎಲ್ಲ ಊರಿನವರ ಸಹಿ ಇರಲಿ. ಗಡಿಯಾಚೆಯ ಊರುಗಳಲ್ಲೂ ಇದೇ ಚಿಂತೆಯಿದೆ. ಅವರ ಸಹಿಯನ್ನೂ ತನ್ನಿ.

ನಿಮ್ಮ ಕೈಯಲ್ಲಿರುವುದು ಊರಿನ ಕೆರೆ, ಬಾವಿ. ಜಾಕ್‌ವೆಲ್‌ನಿಂದ ಕೆರೆ ತುಂಬಿಸುವಾಗ ಪೈಪಿನ ಬಾಯಿಗೆ ಜಾಳಿಗೆ ಹಾಕಿಸಿ. ನದಿಯಲ್ಲಿ ಬೀಸಿದ ಬಲೆ, ತೆಪ್ಪ ಕೆರೆಗೆ ಬಂದರೆ ಒಣಗಿಸಿ ಇಳಿಸಲಿ. ಒಂದು ತುಂಡು ಬಳ್ಳಿ ಸಾಕು. ನಿಪ್ಪಾಣಿಯ ಜವಾಹರ ತಲಾವಿನಂಥ ಕುಡಿಯುವ ನೀರಿನ ಕೆರೆಗಳ ಬಳಿ ಇರುವವರಿಗೂ ಇದೇ ಮಾತು. ಹೂವಿನ ಆಸೆಗೆ ಮನೆಯ ತೊಟ್ಟಿಯಲ್ಲಿ ಈ ಗಿಡ ಬೆಳೆಸುವುದನ್ನು ಮೊದಲು ನಿಲ್ಲಿಸಿ.

ಕೆರೆಗೆ ಇಳಿಯುವವರು ಬೂಟು, ಕೈಗವಸು ಹಾಕಿಕೊಳ್ಳಿ. ಗಾಯವಿದ್ದವರು ದಂಡೆಯಲ್ಲೇ ಇರಲಿ, ಇಲಿಜ್ವರದ ಭಯವಿದೆ.

ಪ್ರಶ್ನೆ: ತೆಗೆದ ರಾಶಿಯನ್ನು ಏನು ಮಾಡಬೇಕು? ದನಕ್ಕೆ ಹಾಕಬಹುದೇ?
— ನಿಪ್ಪಾಣಿ ಭಾಗದ ಮಹಿಳಾ ಸಂಘದವರು

ಉತ್ತರ: ದನಕ್ಕೆ ಬೇಡ ತಾಯಿ, ಗೊಬ್ಬರ ಮಾಡಿ. ಕೊಚ್ಚಿ, ವಾರ ಒಣಗಿಸಿ, ಒಂದು ಪದರು ಜಲಪರ್ಣಿ, ಒಂದು ಪದರು ಕಬ್ಬಿನ ರವದಿ, ಮೇಲೆ ಸಗಣಿ ರಾಡಿ. ಹದಿನೈದು ದಿನಕ್ಕೊಮ್ಮೆ ಮಗುಚಿದರೆ ಸುಮಾರು ಮೂರು ತಿಂಗಳಿಗೆ ಗೊಬ್ಬರ ತಯಾರು. ಬುಟ್ಟಿ ಹೆಣೆಯಲು ಉದ್ದ ದೇಟುಗಳನ್ನು ಆರಿಸಿ ನೆರಳಲ್ಲಿ ಒಣಗಿಸಿಟ್ಟುಕೊಳ್ಳಿ. ಗಟಾರ ಅಥವಾ ಕಾರ್ಖಾನೆಯ ನೀರು ಬೀಳುವ ಕೆರೆಯದಾದರೆ ಗಿಡ ತನ್ನ ಬೇರಿನಲ್ಲಿ ಸೀಸ, ಕ್ಯಾಡ್ಮಿಯಂ ಹಿಡಿದಿಟ್ಟುಕೊಂಡಿರುತ್ತದೆ. ಆ ಗೊಬ್ಬರವನ್ನು ಸೊಪ್ಪು–ತರಕಾರಿಗೆ ಹಾಕದೆ, ಏರಿಯ ಮೇಲಿನ ಬೇವು, ಹೊಂಗೆ ಸಸಿಗಳ ಬುಡಕ್ಕೆ ಹಾಕಿ.