ಮಾತು ತಪ್ಪಿದವರೆಲ್ಲ ಮೋಸಗಾರರಲ್ಲ

ನೋಡು ತಮ್ಮಾ, ಅಡಿಕೆ ಕೊಡುತ್ತೇನೆಂದು ಮುಂಗಡ ಇಸಿದುಕೊಂಡವನು ಈಗ ಫೋನೇ ಎತ್ತುತ್ತಿಲ್ಲ ಅಂದರೆ ನಿನಗೆ ಸಿಟ್ಟು ಬರುವುದು ಸಹಜ. 'ಫೋರ್‌ಟ್ವೆಂಟಿ ಕೇಸು ಜಡಿಸುತ್ತೇನೆ' ಅಂತ ಹೊರಟಿದ್ದೀಯ. ಠಾಣೆಯ ಮೆಟ್ಟಿಲು ಹತ್ತುವ ಮೊದಲು ಒಂದು ಪ್ರಶ್ನೆಗೆ ಉತ್ತರ ಹುಡುಕಿಕೋ: ದುಡ್ಡು ಎಣಿಸಿಕೊಂಡ ದಿನ ಅವನ ಮನಸ್ಸಿನಲ್ಲಿ ಏನಿತ್ತು?

ಕಾನೂನು ಕೇಳುವುದೂ ಅದನ್ನೇ. ಹಳೆಯ ಐಪಿಸಿ 420 ಈಗ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನೊಳಗೆ ಸೇರಿದೆ. 2024ರ ಜುಲೈ 1ರಿಂದ ಇದು ಜಾರಿಯಲ್ಲಿದೆ. ಅದಕ್ಕೂ ಹಿಂದಿನ ವ್ಯವಹಾರಕ್ಕೆ ಐಪಿಸಿಯೇ ಅನ್ವಯ. ನಂಬರು ಬದಲಾಗಿದೆ, ತಿರುಳು ಅದೇ. ಒಬ್ಬ ಸುಳ್ಳನ್ನು ನಂಬಿಸಿರಬೇಕು. ಆ ನಂಬಿಕೆಯ ಮೇಲೇ ಇನ್ನೊಬ್ಬ ದುಡ್ಡನ್ನೋ ಸೊತ್ತನ್ನೋ ಕೊಟ್ಟಿರಬೇಕು. ನಂಬಿಸುವ ಹೊತ್ತಿಗೇ ಆ ಮೊದಲನೆಯವನ ಮನಸ್ಸಿನಲ್ಲಿ ದುರುದ್ದೇಶ ಇರಬೇಕು. ಈ ಮೂರೂ ಕೂಡಿದರೆ 7 ವರ್ಷದವರೆಗೆ ಜೈಲು, ಜೊತೆಗೆ ದಂಡ. ಬಾಯಿಬಿಟ್ಟು ಸುಳ್ಳು ಹೇಳಿರಬೇಕೆಂದೇನೂ ಇಲ್ಲ, ಅಪ್ರಾಮಾಣಿಕವಾಗಿ ನಿಜ ಮುಚ್ಚಿಟ್ಟರೂ ಅದು ವಂಚನೆಯೇ. ಒಬ್ಬನಿಗೆ ಮಾರಿದ ಜಮೀನನ್ನು ಆ ಸಂಗತಿ ತಿಳಿಸದೆ ಇನ್ನೊಬ್ಬನಿಗೆ ಮಾರುವವನು ಈ ಸಾಲಿನವನು.

ನಿನ್ನ ಅಡಿಕೆ ವ್ಯವಹಾರಕ್ಕೆ ಹೊಂದುವ ಉದಾಹರಣೆಯನ್ನು 1860ರ ಆ ಐಪಿಸಿಯೇ ಕೊಟ್ಟಿತ್ತು. ಅಲ್ಲಿದ್ದದ್ದು ನೀಲಿ ಬೆಳೆ. ಬೆಳೆ ಕೊಡುವ ಇರಾದೆಯೇ ಇಲ್ಲದೆ ಕೊಡುತ್ತೇನೆಂದು ನಂಬಿಸಿ ಮುಂಗಡ ಪಡೆದರೆ ವಂಚನೆ. ಪಡೆಯುವಾಗ ಕೊಡುವ ಮನಸ್ಸಿದ್ದು, ಆಮೇಲೆ ಕರಾರು ಮುರಿದರೆ ಅದು ವಂಚನೆಯಲ್ಲ, ಸಿವಿಲ್ ದಾವೆಯ ವಿಷಯ. ಸುಪ್ರೀಂ ಕೋರ್ಟ್ 2000ದಲ್ಲಿ ಹೃದಯರಂಜನ್ ಪ್ರಸಾದ್ ವರ್ಮಾ ಪ್ರಕರಣದಲ್ಲಿ ಇದನ್ನೇ ಬಿಡಿಸಿ ಹೇಳಿತು: ಮುಂದೆ ಮಾತು ತಪ್ಪಿದ ಮಾತ್ರಕ್ಕೆ ಮೊದಲೇ ಮೋಸದ ಉದ್ದೇಶವಿತ್ತು ಎನ್ನುವಂತಿಲ್ಲ.

ಹಾಗಾದರೆ ಮನಸ್ಸಿನೊಳಗಿನದನ್ನು ತೋರಿಸುವುದು ಹೇಗೆ? ಆ ದಿನದ ಸಂಗತಿಗಳೇ ಹೇಳಬೇಕು. ತನ್ನದೆಂದು ಅವನು ತೋರಿಸಿದ ತೋಟ ನಿಜಕ್ಕೂ ಅವನದೇ? ಅದೇ ಫಸಲಿಗೆ ಬೇರೆಯವರ ಹತ್ತಿರವೂ ಮುಂಗಡ ಎತ್ತಿದ್ದಾನೆಯೇ? ಕೊಟ್ಟ ವಿಳಾಸ, ಪತ್ರ ಸುಳ್ಳೇ? ಹೌದಾದರೆ ನಿನ್ನ ದೂರಿಗೆ ಜೀವ ಇದೆ, ಧೈರ್ಯವಾಗಿ ಕೊಡು. ಅದು ಬಿಟ್ಟು ಕೊಳೆರೋಗ ಬಂದು ಫಸಲು ಕೈಕೊಟ್ಟು, ಮುಖ ತೋರಿಸಲು ನಾಚಿ ಅವನು ಫೋನು ಎತ್ತದಿದ್ದರೆ, ಅವನು ಸಾಲಗಾರ, ಅಪರಾಧಿಯಲ್ಲ.

ಪೊಲೀಸರಿಂದ ಹೆದರಿಸಿದರೆ ದುಡ್ಡು ಬೇಗ ಬರುತ್ತದೆ ಎಂದು ಕಟ್ಟೆಯ ಮೇಲೆ ಕೂತವರು ಹೇಳಿಯಾರು. ಸಿವಿಲ್ ತಕರಾರಿಗೆ ಕ್ರಿಮಿನಲ್ ವೇಷ ಹಾಕುವ ಈ ಚಾಳಿಯನ್ನು ಸುಪ್ರೀಂ ಕೋರ್ಟ್ 2006ರಲ್ಲೇ ಇಂಡಿಯನ್ ಆಯಿಲ್ ಪ್ರಕರಣದಲ್ಲಿ ಖಂಡಿಸಿದೆ. ಅಂಥ ಕೇಸನ್ನು ಹೈಕೋರ್ಟ್ ರದ್ದು ಮಾಡಬಹುದು. ನೀನು ಠಾಣೆ ಸುತ್ತುತ್ತಿರುವಾಗ ಇತ್ತ ಹಣ ವಸೂಲಿಯ ದಾವೆಗಿರುವ ಸಾಮಾನ್ಯ ಗಡುವು, 3 ವರ್ಷ, ಸದ್ದಿಲ್ಲದೆ ಕಳೆಯುತ್ತದೆ. ಅವನು ಕೊಟ್ಟ ಚೆಕ್ಕು ಬೌನ್ಸ್ ಆಗಿದ್ದರೆ ಅದರ ದಾರಿ ಬೇರೆ: ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಲಿಖಿತ ನೋಟಿಸು ಕೊಡು, ಅದು ತಲುಪಿ 15 ದಿನದಲ್ಲಿ ಅವನು ಕಟ್ಟದಿದ್ದರೆ ಮುಂದಿನ ಒಂದು ತಿಂಗಳೊಳಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ಕೋರ್ಟಿಗೆ ದೂರು ಕೊಡಬಹುದು.

ಇನ್ನು ಮುಂದಿನ ಮಾತು. ಮುಂಗಡ ಕೊಡುವಾಗ ಪಹಣಿ ನೋಡು, ಸೈಟು ಕೊಳ್ಳುವಾಗ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸು. ದುಡ್ಡನ್ನು ಬ್ಯಾಂಕಿನ ಮೂಲಕವೇ ಕಳಿಸು. ಯಾವ ಮಾತು ನಂಬಿ ಕೊಡುತ್ತಿದ್ದೀಯೋ ಅದನ್ನು ಕರಾರಿನಲ್ಲಿ ಬರೆಸು. ನಾಳೆ ಆ ಮಾತು ಸುಳ್ಳೆಂದು ತೋರಿಸಲು ನಿನಗೆ ಉಳಿಯುವುದು ಆ ಬರಹವೇ. ಮೊದಲು ಕಾಗದಪತ್ರ ಜೋಡಿಸಿಕೊಂಡು ಒಬ್ಬ ವಕೀಲರ ಹತ್ತಿರ ಹೋಗು. ಮೋಸ ಕಂಡರೆ ದೂರು ಕೊಡು, ಬರೀ ಬಾಕಿ ಕಂಡರೆ ದಾವೆ ಹಾಕು. ಎರಡನ್ನೂ ಬೆರೆಸಬೇಡ.