ಮರಳಿನ ಎಮಿಸಿವಿಟಿ ಅಳೆಯುತ್ತ ಕಲಿತದ್ದು

ಕಡಲತೀರದ ಮರಳು, ಕೋಲಾರದ ಕೆಮ್ಮಣ್ಣು, ಧಾರವಾಡದ ಎರೆಮಣ್ಣು: ಇವು ಅವಕೆಂಪು ಕಿರಣವನ್ನು ಎಷ್ಟು ಸೂಸುತ್ತವೆ ಎಂದು ಅಳೆಯುವುದು ನನ್ನ ಕೆಲಸ. ಅದೇ ತಾಪದ ಕಪ್ಪುಕಾಯ ಸೂಸುವುದನ್ನು 1 ಎಂದಿಟ್ಟುಕೊಂಡರೆ, ಮಣ್ಣು ಸೂಸುವ ಪಾಲೇ ಅದರ ಎಮಿಸಿವಿಟಿ. ಅದು 0.01 ತಪ್ಪಿದರೂ ಉಪಗ್ರಹದಿಂದ ಲೆಕ್ಕ ಹಾಕಿದ ನೆಲದ ತಾಪ ಅರ್ಧ ಡಿಗ್ರಿಯಷ್ಟು ಆಚೀಚೆಯಾಗುತ್ತದೆ.

1. ತಾಪ ಎಲ್ಲಿಯದು ಎಂದು ಮೊದಲು ಕೇಳಿಕೊಳ್ಳಿ. ಆರಂಭದಲ್ಲಿ ಮರಳಿನ ತಟ್ಟೆಯನ್ನು ಕೆಳಗಿನಿಂದ 60 ಡಿಗ್ರಿಗೆ ಕಾಯಿಸಿ, ಥರ್ಮೋಕಪಲ್ಲಿನ ತುದಿಯನ್ನು ಮರಳಲ್ಲಿ ಹುದುಗಿಸಿ ಅಳೆಯುತ್ತಿದ್ದೆ. 0.9ರ ಆಸುಪಾಸು ಬರಬೇಕಾದಲ್ಲಿ 0.81 ಬಂತು. ಎರಡು ವಾರ ಡಿಟೆಕ್ಟರನ್ನು ಬಿಚ್ಚಿ ಜೋಡಿಸಿದ್ದೇ ಬಂತು, ತಪ್ಪಿದ್ದದ್ದು ತಟ್ಟೆಯಲ್ಲಿ. ಕಾಳುಗಳ ನಡುವೆ ಗಾಳಿ ತುಂಬಿರುವುದರಿಂದ ಒಣಮರಳಿನಲ್ಲಿ ಶಾಖ ಬಲು ನಿಧಾನ ಹರಿಯುತ್ತದೆ, ಮೇಲ್ಮೈಯಂತೂ ತಣಿಯುತ್ತಲೇ ಇರುತ್ತದೆ. ಥರ್ಮೋಕಪಲ್ಲಿನ ತುದಿ ಇದ್ದದ್ದು ಮೂರು ಮಿಲಿಮೀಟರ್ ಕೆಳಗೆ, ಕಿರಣ ಬರುತ್ತಿದ್ದದ್ದು ತೀರಾ ಮೇಲಿನ ಕಾಳುಗಳಿಂದ. 27 ಡಿಗ್ರಿಯ ಕೋಣೆಯಲ್ಲಿ, 60 ಎಂದುಕೊಂಡ ಮೇಲ್ಮೈ ನಿಜಕ್ಕೂ 57 ಇದ್ದರೆ ಉತ್ತರ ಶೇ 10ರಷ್ಟು ಇಳಿಯುತ್ತದೆ. ಈಗ ತಟ್ಟೆಯನ್ನು ಮುಚ್ಚಳ ಸಮೇತ ರಾತ್ರಿಯಿಡೀ ಓವನ್ನಿನಲ್ಲಿಟ್ಟು, ತೆಗೆದ ಕೆಲವೇ ಸೆಕೆಂಡುಗಳಲ್ಲಿ ಅಳೆಯುತ್ತೇನೆ. ಜೊತೆಗೆ, ಕ್ವಾರ್ಟ್ಜ್ 7.4 ಮೈಕ್ರಾನ್ ತರಂಗಾಂತರದ ಬಳಿ ಹೆಚ್ಚುಕಡಿಮೆ ಕಪ್ಪುಕಾಯದಂತೆಯೇ ಸೂಸುತ್ತದೆ. ಮೇಲ್ಮೈ ತಾಪವನ್ನು ಅಲ್ಲಿಂದಲೇ ತೆಗೆಯುತ್ತೇನೆ. ಥರ್ಮೋಕಪಲ್ ಬರೀ ಸಾಕ್ಷಿಗೆ.

2. ಸುರಿಯಿರಿ, ಒತ್ತಬೇಡಿ. ಕಾಳುಗಳ ನಡುವಿನ ಸಂದುಗಳಲ್ಲಿ ಕಿರಣ ಹಲವು ಸಲ ತಾಗಿ ಹೊರಬರುತ್ತದೆ. ಸಂದೊಂದು ಪುಟ್ಟ ಗವಿ. ಸ್ಕೇಲಿನಿಂದ ತಟ್ಟಿ ನುಣುಪು ಮಾಡಿದರೆ ಗವಿಗಳು ಮುಚ್ಚಿಹೋಗುತ್ತವೆ. ಜರಡಿಯ ಅಳತೆಯನ್ನೂ ಬರೆದಿಡಿ. ಕ್ವಾರ್ಟ್ಜ್ ಮರಳಿನ ಎಮಿಸಿವಿಟಿ 8ರಿಂದ 9.5 ಮೈಕ್ರಾನ್ ನಡುವೆ ಆಳವಾಗಿ ಕುಸಿಯುತ್ತದೆ. ಅದೇ ಮರಳನ್ನು ಅರೆದು 75 ಮೈಕ್ರಾನಿಗಿಂತ ಸಣ್ಣದಾಗಿಸಿದರೆ ಆ ಹಳ್ಳದ ಆಳ ಎದ್ದು ಕಾಣುವಷ್ಟು ಕಡಿಮೆಯಾಗುತ್ತದೆ. ಖನಿಜ ಅದೇ, ರೇಖೆ ಬೇರೆ.

3. ತೊಳೆಯಬೇಕೇ? ಖನಿಜ ತಿಳಿಯಬೇಕಾದರೆ ಹೌದು. ಕಾಳಿಗೆ ಅಂಟಿದ ಜೇಡಿಯ ತೆಳುಲೇಪವೇ ಕ್ವಾರ್ಟ್ಜಿನ ಗುರುತನ್ನು ಮಸುಕುಗೊಳಿಸುತ್ತದೆ. ಹೊಲದ ನೆಲ ಹೇಗೆ ಸೂಸುತ್ತದೆ ಎಂದು ತಿಳಿಯಬೇಕಾದರೆ ತೊಳೆಯಲೇಬೇಡಿ. ಕೋಲಾರದ ಕೆಮ್ಮಣ್ಣನ್ನು ಒಮ್ಮೆ ತೊಳೆದೆ. ಬೋಗುಣಿಯ ನೀರು ಕುಂಕುಮ ಕದಡಿದಂತಾಯಿತು, ತಳದಲ್ಲಿ ಉಳಿದದ್ದು ಬಿಳುಚಿದ ಮರಳು. ನಾನು ಅಳೆಯಬೇಕಿದ್ದ ನೆಲ ಸಿಂಕಿನಲ್ಲಿ ಹರಿದುಹೋಗಿತ್ತು.

4. ಒಣಗಿಸಿ, 105 ಡಿಗ್ರಿಯಲ್ಲಿ ಒಂದಿಡೀ ದಿನ. ತುಸು ತೇವ ಉಳಿದರೂ ಮರಳಿನ ಎಮಿಸಿವಿಟಿ ಏರುತ್ತದೆ, ಏಕೆಂದರೆ ನೀರಿನದೇ 0.98ರ ಆಸುಪಾಸು.

5. ಸುತ್ತಲಿನ ಶಾಖವನ್ನು ಕಳೆಯಿರಿ. ತಾನು ಸೂಸದೆ ಉಳಿಸಿದ ಪಾಲಿನಷ್ಟು ಸುತ್ತಲಿನ ಕಿರಣವನ್ನು ಮರಳು ಪ್ರತಿಫಲಿಸುತ್ತದೆ. ಬಯಲಿನಲ್ಲಿ ಮೇಲಿರುವುದು ತಣ್ಣನೆಯ ತಿಳಿ ಆಕಾಶ, ಹೊಂಗೆಮರದ ಕೆಳಗೆ ಬೆಚ್ಚನೆಯ ಎಲೆ, ಕೋಣೆಯಲ್ಲಿ ಬಗ್ಗಿ ನೋಡುವ ನಮ್ಮದೇ ಮುಖ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನು ಮುದುಡಿ, ಮತ್ತೆ ಬಿಡಿಸಿ ಮರಳಿನ ಜಾಗದಲ್ಲಿಟ್ಟು ಒಂದು ಸಲ ಅಳೆಯಿರಿ. ಮೇಲಿನಿಂದ ಬೀಳುವ ಕಿರಣದ ಲೆಕ್ಕ ಸಿಗುತ್ತದೆ. ಮೋಡ ಸರಿದಾಗಲೆಲ್ಲ ಫಾಯಿಲನ್ನು ಮತ್ತೆ ಇಡಬೇಕು.